ಎದುರಂಗಡಿಯ ದೂರುಗಳು

ಆ ನೋಟೀಸನ್ನು ಕಂಬಕ್ಕೆ ಅಂಟಿಸಿ ಹತ್ತು ದಿನವಾಗಿತ್ತು. ಆದರೆ ಅಂಟಿಸಿದ ಮಾರನೆಯ ದಿನವೇ ಯಾರೋ ಪುಣ್ಯಾತ್ಮರು ಅದರ ಮೇಲೆ ಸೋಫಾ ಮಾರಾಟದ ಇಷ್ಟಗಲ ಪೋಸ್ಟರು ಮೆತ್ತಿಬಿಟ್ಟಿದ್ದರು. ಹಾಗಾಗಿ ಕಂಬದ ಬುಡದಲ್ಲೇ ಇದ್ದ ತಿಂಡಿ ಗಾಡಿಯವರಿಗೆ ಇಷ್ಟು ದಿನವೂ ಕಂಡದ್ದು ಸೋಫಾ ಮಾತ್ರ. ಅವತ್ತು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೀಸಿದ ಗಾಳಿಗೆ ಪೋಸ್ಟರು ಅರ್ಧ ಕಿತ್ತುಬಂತು. ಬ್ರೆಡ್ಡು ಕೊಯ್ಯುತ್ತಿದ್ದ ಸೊಸೆ ತಲೆಯೆತ್ತಿ ನೋಡಿದಳು. ಒಂದು ಸಾಲು ಓದಿದಳು. ಚಾಕು ಹಿಡಿದುಕೊಂಡೇ ಕಂಬದ ಹತ್ತಿರ ಓಡಿ, ಉಳಿದರ್ಧವನ್ನೂ ಪರಪರ ಕಿತ್ತು, ಪೂರ್ತಿ ಓದಿದಳು.

“ರೀ! ಅತ್ತೆ! ಇವತ್ತೇ ಕಡೇ ದಿನ!”

“ಯಾವುದಕ್ಕೆ ಕಡೇ ದಿನ? ಮೊದಲು ಆ ಚಾಕು ಕೆಳಗಿಡು, ಹೋಗೋ ಬರೋರ ಮೂಗು ಕೊಯ್ದೀಯ,” ಎಂದರು ಅತ್ತೆ, ಕಾವಲಿಯ ಮೇಲಿನ ಮೊಟ್ಟೆ ತಿರುವಿಹಾಕುತ್ತಾ.

ವಿಷಯ ಇಷ್ಟು. ರಸ್ತೆ ಅಗಲವಾಗಲಿದೆ, ಬದಿಯ ಗಾಡಿಗಳೆಲ್ಲ ಜಾಗ ಖಾಲಿ ಮಾಡಬೇಕು. ಆದರೆ ನಲವತ್ತು ವರ್ಷ ಅಥವಾ ಅದಕ್ಕೂ ಹಿಂದಿನಿಂದ ಒಂದೇ ಜಾಗದಲ್ಲಿ ವ್ಯಾಪಾರ ಮಾಡಿಕೊಂಡು ಬಂದವರಿಗೆ ರಸ್ತೆಯ ತುದಿಯಲ್ಲಿ ಕಟ್ಟುತ್ತಿರುವ ಹೊಸ ಸಾಲಿನಲ್ಲಿ ಕಾಯಂ ಮಳಿಗೆ ಸಿಗುತ್ತದೆ. ಮೇಲೆ ಚಾವಣಿ, ಒಳಗೆ ದೀಪ, ಮೂಲೆಯಲ್ಲಿ ನಲ್ಲಿ. ದಾಖಲೆ ತಂದು ನಗರ ಕಚೇರಿಯ ಮೂರನೇ ಕೌಂಟರಿನಲ್ಲಿ ತೋರಿಸಬೇಕು. ಗಡುವು ಇವತ್ತು ಸಂಜೆ ಐದು ಗಂಟೆ.

ನಲ್ಲಿ ಎಂಬ ಮಾತಿಗೆ ಬಂದಾಗ ಸೊಸೆ ಆ ಸಾಲನ್ನು ಎರಡು ಸಲ ಓದಿದ್ದಳು. ಎರಡು ಬೀದಿ ಆಚೆಯಿಂದ ದಿನಕ್ಕೆ ಹದಿನಾಲ್ಕು ಕ್ಯಾನು ನೀರು ಹೊತ್ತು ತರುವವಳು ಅವಳು. ಮದುವೆಗೆ ಮುಂಚೆ ಸೈಕಲ್ಲಿನಲ್ಲಿ ಇದೇ ಗಾಡಿಗೆ ಮೊಟ್ಟೆ ತಂದು ಕೊಡುತ್ತಿದ್ದಳು. ಅವಸರದಲ್ಲಿ ಬ್ರೇಕು ಹಾಕಿ ದಿನಕ್ಕೆ ನಾಲ್ಕಾದರೂ ಒಡೆಯುತ್ತಿದ್ದಳು. ಆಗಲೇ ಅತ್ತೆ ಅವಳಿಗೆ ‘ಗಡಿಬಿಡಿ’ ಎಂದು ಹೆಸರಿಟ್ಟಿದ್ದು. ಮದುವೆಯಾಗಿ ಹದಿನೆಂಟು ವರ್ಷವಾದರೂ ಹೆಸರೂ ಹೋಗಿಲ್ಲ, ಗಡಿಬಿಡಿಯೂ ಹೋಗಿಲ್ಲ.

“ನಲವತ್ತು ವರ್ಷ ಆಗಿದ್ಯಾ ಅತ್ತೆ?”

“ನಿನ್ನ ಗಂಡನ್ನ ಬೆನ್ನಿಗೆ ಕಟ್ಕೊಂಡು ಇಲ್ಲಿ ಒಲೆ ಹಚ್ಚಿದ್ದು ಕಣೇ ನಾನು. ಅವನಿಗೀಗ ನಲವತ್ತೆರಡು. ಲೆಕ್ಕ ನೀನೇ ಹಾಕು.”

“ಹಾಗಾದ್ರೆ ಕಾಗದ ಏನಾದ್ರೂ ಇದ್ಯಾ? ಹಳೇದು, ತಾರೀಕು ಇರೋದು?”

ಅತ್ತೆ ಅವಳನ್ನು ಮೇಲಿಂದ ಕೆಳಕ್ಕೆ ನೋಡಿದರು. “ಒಲೆ ಹಚ್ಚೋಕೆ ಕಾಗದ ಬೇಕಾಗಿತ್ತು. ಇದ್ದ ಕಾಗದ ಎಲ್ಲ ಒಲೆಗೇ ಹೋಯ್ತು.”

ಗಂಡ ಆಲೂಗಡ್ಡೆ ಹೆಚ್ಚುತ್ತಲೇ ಇದ್ದ. ಅವನು ನಿಧಾನಿ. ಬೆಂಕಿ ಬಿದ್ದರೂ ಮೊದಲು ಕೈ ಒರೆಸಿಕೊಂಡು ಆಮೇಲೆ ಓಡುವವನು. “ಲೈಸೆನ್ಸ್ ಇದೆಯಲ್ಲ,” ಎಂದ. ಇದೆ ನಿಜ. ಆದರೆ ಗಾಡಿಗಳಿಗೆ ಲೈಸೆನ್ಸು ಕೊಡುವ ಪದ್ಧತಿಯೇ ಶುರುವಾಗಿ ಇಪ್ಪತ್ತೆಂಟು ವರ್ಷ. ಮುಂಚಿನ ಹದಿಮೂರು ವರ್ಷಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಸೊಸೆ ಏಪ್ರನ್ನು ಬಿಚ್ಚಿ ಕೊಕ್ಕೆಗೆ ಎಸೆದಳು, ಅದು ಗುರಿ ತಪ್ಪಿ ಚಹಾ ಡಬ್ಬದ ಮೇಲೆ ಬಿತ್ತು, ಅದನ್ನು ಎತ್ತುವಷ್ಟು ಹೊತ್ತೂ ನಿಲ್ಲದೆ ಮನೆಗೆ ಓಡಿದಳು. ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ಎಳೆದು ತಲೆಕೆಳಗು ಮಾಡಿದಳು. ಗುಂಡಿಗಳು, ಮುರಿದ ಕನ್ನಡಕ, ಒಂದು ಬೀಗದ ಕೈ, ಮತ್ತೆ ಒಂದೇ ಒಂದು ಫೋಟೋ. ಎರಡು ವರ್ಷದ ಗಂಡ ಗಾಡಿಯ ಚಕ್ರಕ್ಕೆ ಒರಗಿ ನಿಂತಿದ್ದಾನೆ, ಮೂಗು ಸೋರುತ್ತಿದೆ. “ಸಿಕ್ತು!” ಎಂದು ಖಾಲಿ ಮನೆಯಲ್ಲಿ ಕಿರುಚಿಕೊಂಡು, ಫೋಟೋವನ್ನು ಎದೆಗವಚಿ, ಹತ್ತೂವರೆಗೆಲ್ಲ ಅವಳು ನಗರ ಕಚೇರಿಯ ಸಾಲಿನಲ್ಲಿ ನಿಂತಿದ್ದಳು.

ಸಾಲು ಆಮೆಯ ಹಾಗೆ ತೆವಳುತ್ತಿತ್ತು. ಅವಳ ಸರದಿ ಬಂದಾಗ ಒಂದೂವರೆ ದಾಟಿತ್ತು.

ಮೂರನೇ ಕೌಂಟರಿನ ಗುಮಾಸ್ತೆ ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ತಾರೀಕಿಲ್ಲ. ಬೀದಿ ಯಾವುದೆಂದು ಹೇಳುವ ಒಂದು ಗುರುತೂ ಇಲ್ಲ. ಹಿಂದೆ ಕಾಣುವುದು ಬರೀ ಗೋಡೆ.

“ಇದು ಸಾಲಲ್ಲಮ್ಮ.”

“ನಮ್ಮ ಯಜಮಾನ್ರ ಮೂಗು ನೋಡಿ ಮೇಡಂ, ಈಗಲೂ ಹಾಗೇ ಇದೆ. ಬೇಕಾದ್ರೆ ಕರ್ಕೊಂಡು ಬರ್ತೀನಿ.”

ಗುಮಾಸ್ತೆಗೆ ನಗು ಬಂತು. “ನೋಡಿ, ನಾನು ಕಾಲೇಜಿಗೆ ಹೋಗೋವಾಗಿನಿಂದ ನಿಮ್ಮ ಗಾಡೀಲಿ ತಿಂದೋಳು. ನಿಮ್ಮ ಅತ್ತೆ ನನಗೆ ಆಲೂಗಡ್ಡೆ ಒಂದು ಹಿಡಿ ಜಾಸ್ತೀನೇ ಹಾಕೋರು. ಆದ್ರೆ ನನ್ನ ಹೊಟ್ಟೇನ ಸಾಕ್ಷಿ ಅಂತ ಫೈಲಿಗೆ ಸೇರಿಸೋಕಾಗತ್ತಾ? ಆ ಕಾಲದಲ್ಲೇ ಬರೆದ ಕಾಗದ ಬೇಕು. ತಾರೀಕು ಇರ್ಬೇಕು, ಜಾಗ ಇರ್ಬೇಕು.”

“ಗಾಡಿ ಬಗ್ಗೆ ಯಾರು ಮೇಡಂ ಕಾಗದ ಬರೀತಾರೆ?”

“ಯಾಕೆ, ನಿಮ್ಮ ಎದುರುಗಡೆ ಟೈಲರು ಬರೀತಿದ್ರಲ್ಲ!” ಗುಮಾಸ್ತೆ ಹಣೆ ಚಚ್ಚಿಕೊಂಡಳು. “ತಿಂಗಳಿಗೊಂದು ದೂರು. ನಾನು ಕೆಲಸಕ್ಕೆ ಸೇರಿದಾಗ ಅವರ ದೂರುಗಳನ್ನ ದಾರಕ್ಕೆ ಪೋಣಿಸೋದೇ ನನ್ನ ಮೊದಲ್ನೇ ಕೆಲಸ. ಆ ಕಟ್ಟು ಇದ್ದಿದ್ರೆ ನಿಮಗೆ ಬೇರೇನೂ ಬೇಕಿರ್ಲಿಲ್ಲ. ಏನ್ಮಾಡೋದು, ನೆಲಮಾಳಿಗೆಗೆ ನೀರು ನುಗ್ಗಿದ ವರ್ಷ ಹಳೇ ಕಡತ ಎಲ್ಲ ಹಿಟ್ಟಿನ ಮುದ್ದೆ ಆಗೋಯ್ತು.”

ಸೊಸೆ ಫೋಟೋವನ್ನು ಕಿಂಡಿಯಿಂದ ಎಳೆದುಕೊಂಡಳು. ಎದುರಂಗಡಿಯ ದರ್ಜಿ! ಕತ್ತರಿಸಿ ಉಳಿದ ದಾರದ ತುಂಡನ್ನೂ ಬಣ್ಣ ಬಣ್ಣ ಬೇರೆ ಮಾಡಿ ಡಬ್ಬದಲ್ಲಿ ಇಡುವ ಮನುಷ್ಯ. ಅಂಥವನು ತಾನು ಬರೆದದ್ದರ ಪ್ರತಿ ಇಟ್ಟುಕೊಳ್ಳದೆ ಇರುತ್ತಾನೆಯೇ?

“ಮೇಡಂ, ಐದು ಗಂಟೆವರೆಗೆ ಇರ್ತೀರಲ್ಲ? ಎಲ್ಲೂ ಎದ್ದು ಹೋಗ್ಬೇಡಿ!” ಎನ್ನುತ್ತಾ ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಹದಿನೆಂಟು ವರ್ಷ ಎದುರಿಗೇ ಇದ್ದರೂ ಸೊಸೆ ಆ ದರ್ಜಿಯ ಅಂಗಡಿಯ ಹೊಸಿಲು ತುಳಿದವಳಲ್ಲ. ಅತ್ತೆಗೂ ಅವರಿಗೂ ಮಾತಿಲ್ಲ. ಅವರು ಬಾಗಿಲು ತೆಗೆದರೆ ಅತ್ತೆ ಕಾವಲಿಯ ಮೇಲೆ ಸೌಟನ್ನು ಠಣ್ಣೆಂದು ಬಡಿಯುವುದು, ಅತ್ತೆ ಒಲೆ ಹಚ್ಚಿದರೆ ಅವರು ಕಿಟಕಿ ಧಡಾರೆಂದು ಮುಚ್ಚುವುದು, ಇದು ಬೀದಿಯ ಗಡಿಯಾರದಷ್ಟು ನಿಯಮಿತ. ಎಲ್ಲ ಹೊಗೆಯ ಜಗಳ ಎಂದೇ ಅವಳು ತಿಳಿದಿದ್ದಳು.

ಒಳಗೆ ಇಸ್ತ್ರಿಯ ಬಿಸಿ ವಾಸನೆ. ತಲೆಯಿಲ್ಲದ ಬೊಂಬೆಯೊಂದು ಅರ್ಧ ಹೊಲಿದ ಕೋಟು ತೊಟ್ಟು ನಿಂತಿತ್ತು. ಎಂಬತ್ತು ದಾಟಿದ ದರ್ಜಿ ಕುತ್ತಿಗೆಯ ಸುತ್ತ ಟೇಪು ಹಾಕಿಕೊಂಡು, ಸೂಜಿಗೆ ದಾರ ಪೋಣಿಸುತ್ತಿದ್ದರು. ಕನ್ನಡಕದ ಮೇಲಿಂದ ನೋಡಿದರು.

“ಏನು? ಹೊಗೆ ಇಲ್ಲೀವರೆಗೂ ಬರ್ತಿದ್ಯಾ ಅಂತ ನೋಡೋಕೆ ಬಂದ್ಯಾ? ಬರ್ತಿದೆ.”

“ಇಲ್ಲ ಮಾಸ್ಟ್ರೇ. ನೀವು ಬರೆದ ದೂರುಗಳು ಬೇಕಿತ್ತು.”

ದರ್ಜಿಯ ಕೈಯಲ್ಲಿನ ಸೂಜಿ ಗಾಳಿಯಲ್ಲೇ ನಿಂತಿತು. ಸೊಸೆ ಒಂದೇ ಉಸಿರಿಗೆ ನೋಟೀಸು, ನಲವತ್ತು ವರ್ಷ, ಮೂರನೇ ಕೌಂಟರು, ನೆಲಮಾಳಿಗೆಯ ನೀರು, ನಲ್ಲಿ ಎಲ್ಲವನ್ನೂ ಕಲಸಿ ಹೇಳಿದಳು. ಅವರು ಸಾವಧಾನವಾಗಿ ಕೇಳಿದರು. ಆಮೇಲೆ ಎದ್ದು ಬೀರುವಿನ ಬಾಗಿಲು ತೆಗೆದರು. ಒಳಗೆ ನೀಲಿ ಬಟ್ಟೆಯ ಹೊದಿಕೆ ಹೊಲಿದ ರಟ್ಟಿನ ಪೆಟ್ಟಿಗೆಗಳು, ಒಂದರ ಮೇಲೊಂದು, ಪ್ರತಿಯೊಂದರ ಮೇಲೂ ಇಸವಿ. ಸೊಸೆಗೆ ಕುಣಿಯುವಂತಾಯಿತು.

“ಇನ್ನೂರಹದಿನಾರು ಪತ್ರ,” ಎಂದರು ದರ್ಜಿ. “ಒಂದಕ್ಕೂ ಉತ್ತರ ಬರ್ಲಿಲ್ಲ. ಇಷ್ಟು ವರ್ಷದಲ್ಲಿ ಇವುಗಳನ್ನ ಕೇಳ್ಕೊಂಡು ಬಂದೋಳು ನೀನೇ ಮೊದಲ್ನೇಯವಳು. ಅದೂ ಯಾಕೆ? ಯಾರನ್ನ ಎಬ್ಬಿಸ್ಬೇಕು ಅಂತ ಬರೆದ್ನೋ ಅವರನ್ನ ಕಾಯಂ ಕೂರಿಸೋಕೆ!”

“ಹೊಸ ಸಾಲು ಬೀದಿ ತುದೀಲಿದೆ ಮಾಸ್ಟ್ರೇ. ನಿಮಗೂ ಹೊಗೆ ತಪ್ಪತ್ತೆ.”

ದರ್ಜಿ ಬೀರುವಿನ ಬಾಗಿಲನ್ನು ಮತ್ತೆ ಮುಚ್ಚಿದರು. “ಕೊಡಲ್ಲ ಅನ್ನಲ್ಲ. ಆದ್ರೆ ಆಯಮ್ಮ ಬರ್ಲಿ. ಬಂದು, ಬೀಗದ ವಿಷಯದಲ್ಲಿ ನೀವು ಹೇಳಿದ್ದು ನಿಜ ಅಂತ ಒಂದು ಮಾತು ಹೇಳ್ಲಿ. ಸಾಕು.”

“ಯಾವ ಬೀಗ?”

“ಆಯಮ್ಮನಿಗೆ ಗೊತ್ತು.”

ಸೊಸೆ ರಸ್ತೆ ದಾಟಿದ್ದು ಓಡಿಯೋ ಹಾರಿಯೋ ಅವಳಿಗೇ ನೆನಪಿಲ್ಲ. ಗಾಡಿಯ ಮುಂದೆ ಮಧ್ಯಾಹ್ನದ ಗಿರಾಕಿಗಳು ಏಳೆಂಟು ಜನ ನಿಂತಿದ್ದರು. ಅವರೆದುರಿಗೇ ವಿಷಯ ಹೇಳಿದಳು. ‘ಬೀಗ’ ಎಂದದ್ದೇ ಅತ್ತೆಯ ಮುಖ ಕಾವಲಿಗಿಂತ ಕೆಂಪಾಯಿತು.

“ನಾನಾ? ಆ ಮನುಷ್ಯನ ಅಂಗಡಿಗಾ? ಸತ್ರೂ ಹೋಗಲ್ಲ! ಮೂವತ್ತಮೂರು ವರ್ಷದ ಹಿಂದೆ ಈ ಬೀದಿ ಮಧ್ಯೆ ನಿಂತು, ನಿಮ್ಮ ಹುಡುಗ ನನ್ನ ಅಂಗಡಿ ಬೀಗದೊಳಗೆ ಬೇಯಿಸಿದ ಆಲೂಗಡ್ಡೆ ತುರುಕಿದಾನೆ ಅಂದ. ನನ್ನ ಮಗನ್ನ! ಒಂಬತ್ತು ವರ್ಷದ ಮಗು, ಬಾಯಲ್ಲಿ ಬೆರಳಿಟ್ರೂ ಕಚ್ಚದೇ ಇರೋ ಮಗು! ನಾನೂ ಬಿಡ್ಲಿಲ್ಲ. ಬೀದಿಗೆಲ್ಲ ಕೇಳೋ ಹಾಗೆ ಉಗಿದೆ. ಅವತ್ತಿಂದ ಮಾತಿಲ್ಲ. ಈಗ ಹೋಗಿ, ಹೌದಪ್ಪ ನನ್ನ ಮಗ ಪೋಕರಿ ಅಂತ ಒಪ್ಕೋಬೇಕಾ? ನಲ್ಲೀನೂ ಬೇಡ, ನೆರಳೂ ಬೇಡ!”

“ಅತ್ತೆ, ಒಂದು ಮಾತು ಕಣ್ರೀ...”

“ಅರ್ಧ ಮಾತೂ ಇಲ್ಲ!”

ಸೊಸೆ ತಲೆಯ ಮೇಲೆ ಕೈ ಹೊತ್ತಳು. ಗಂಟೆ ಎರಡೂಮುಕ್ಕಾಲು. ಆಗ ಗಾಡಿಯ ಹಿಂದಿನಿಂದ, ಆಲೂಗಡ್ಡೆಯ ಬುಟ್ಟಿಯ ಕಡೆಯಿಂದ, ಒಂದು ಸಣ್ಣ ದನಿ ಬಂತು.

“ಅಮ್ಮಾ.”

“ಏನೋ?”

“ಅದು ನಾನೇ.”

ಗಿರಾಕಿಗಳು ಅಗಿಯುವುದನ್ನು ನಿಲ್ಲಿಸಿದರು. ನಲವತ್ತೆರಡು ವರ್ಷದ ಗಂಡ, ಕಿವಿಯವರೆಗೂ ಕೆಂಪಾಗಿ, ಕೈಯಲ್ಲಿದ್ದ ಆಲೂಗಡ್ಡೆಯನ್ನೇ ನೋಡುತ್ತಾ ನಿಂತಿದ್ದ. “ಬೇಯಿಸಿದ್ದು ಮೆತ್ತಗಿತ್ತು. ಒಳಗೆ ಹೋಗತ್ತಾ ನೋಡೋಣ ಅಂತ... ಹೋಯ್ತು. ನೀನು ಅಷ್ಟು ಜೋರಾಗಿ ಜಗಳ ಆಡ್ತಿದ್ದೆ. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ.”

“ಮೂವತ್ತಮೂರು ವರ್ಷ ಧೈರ್ಯ ಬರ್ಲಿಲ್ವಾ?”

“ನೀನೂ ಯಾವತ್ತೂ ಮತ್ತೆ ಕೇಳ್ಲಿಲ್ವಲ್ಲ.”

ಅತ್ತೆ ಸೌಟನ್ನೆತ್ತಿ ಅವನ ಭುಜಕ್ಕೆ ಒಂದು ಬಿಟ್ಟರು. ಬಲವಾಗಿಯೇ ಬಿಟ್ಟರು. ಯಾರೋ ಕಿಸಕ್ಕೆಂದರು, ಅವರ ಕಡೆಗೂ ಒಂದು ಕೆಂಗಣ್ಣು ಬಿಟ್ಟರು. ಆಮೇಲೆ ಸೌಟನ್ನು ಮಗನ ಕೈಗೇ ತುರುಕಿ, ಕೈ ಒರೆಸಿಕೊಂಡು, ಕೆದರಿದ ಕೂದಲನ್ನು ಹಿಂದಕ್ಕೆ ನೀವಿ, ಬಲಕ್ಕೂ ಎಡಕ್ಕೂ ನೋಡದೆ ರಸ್ತೆ ದಾಟಲು ಹೊರಟರು. ಒಂದು ಲಾರಿ ಕಿರ್ರೆಂದು ಬ್ರೇಕು ಹಾಕಿತು. ಅವರು ಅದಕ್ಕೂ ತಿರುಗಲಿಲ್ಲ. ಚಪ್ಪಲಿ ರಿಪೇರಿಯವನು ಸುತ್ತಿಗೆ ಕೆಳಗಿಟ್ಟ. ಹಣ್ಣಿನಂಗಡಿಯವಳು ತೂಗುತ್ತಿದ್ದ ತಕ್ಕಡಿ ಹಾಗೇ ಹಿಡಿದು ನಿಂತಳು. ಸೊಸೆ ಹಿಂದೆಯೇ ಓಡಿದಳು.

ಅತ್ತೆ ದರ್ಜಿಯ ಬಾಗಿಲಲ್ಲಿ ನಿಂತರು. ಒಳಗೆ ಕಾಲಿಡಲಿಲ್ಲ.

“ನನ್ನ ಮಗನೇ ತುರುಕಿದ್ದಂತೆ,” ಎಂದರು. “ಈಗಷ್ಟೇ ಬಾಯಿ ಬಿಟ್ಟ. ನೀವು ಹೇಳಿದ್ದು ನಿಜ.”

ದರ್ಜಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಬೀಗ ಒಡೆಸ್ಬೇಕಾಯ್ತು.”

“ಗೊತ್ತು.”

“ಹೊಸಾ ಬೀಗ.”

“ಗೊತ್ತು ಅಂದ್ನಲ್ಲ! ಇನ್ನೇನು, ಮೊಣಕಾಲೂರ್ಲಾ? ಮೊಣಕಾಲು ನೋಯತ್ತೆ ನನಗೆ.”

“ಬೇಡ,” ಎಂದರು ದರ್ಜಿ. “ಒಳಗೆ ಬನ್ನಿ. ಚಪ್ಪಲಿ ಮಾತ್ರ ಆಚೆ ಬಿಡಿ, ಬಿಳೀ ಬಟ್ಟೆ ಇದೆ.”

ತೀರಾ ಹಳೆಯ ಪೆಟ್ಟಿಗೆಯನ್ನು ಅವರೇ ಇಳಿಸಿದರು. ಮೇಲಿನ ಹಾಳೆ ಕಾರ್ಬನ್ ಪ್ರತಿ, ಅಂಚು ಹಳದಿಗಟ್ಟಿದೆ, ಅಕ್ಷರ ಮಾತ್ರ ಹೊಲಿಗೆ ಹಾಕಿದಂತೆ ಸಾಲಾಗಿ ಕೂತಿವೆ. ಅವರು ಎದ್ದು ನಿಂತು ಓದಿದರು.

“ಮಾನ್ಯರೇ, ನನ್ನ ಅಂಗಡಿಯ ಬಾಗಿಲಿನಿಂದ ಮೂವತ್ತೊಂದು ಅಡಿ ನಾಲ್ಕು ಇಂಚು ದೂರದಲ್ಲಿ, ದೀಪದ ಕಂಬದ ಬುಡದಲ್ಲಿ, ನಿನ್ನೆಯಿಂದ ಒಬ್ಬ ಹೆಂಗಸು ಇದ್ದಿಲೊಲೆ ಹೂಡಿ ಮೊಟ್ಟೆ ಕರಿಯಲು ಆರಂಭಿಸಿರುತ್ತಾಳೆ. ಆಕೆ ಬೆನ್ನಿಗೆ ಒಂದು ಮಗುವನ್ನು ಕಟ್ಟಿಕೊಂಡಿರುತ್ತಾಳೆ. ಮಗು ಅಳುತ್ತದೆ. ಹೊಗೆ ನೇರವಾಗಿ ನನ್ನ ಬಿಳಿ ಬಟ್ಟೆಗಳ ಮೇಲೆ ಬರುತ್ತದೆ. ಕ್ರಮ ಕೈಗೊಳ್ಳಬೇಕಾಗಿ ವಿನಂತಿ.”

ಸೊಸೆ ಹಾಳೆಯ ತಲೆಯಲ್ಲಿದ್ದ ತಾರೀಕು ನೋಡಿ ಬೆರಳೆಣಿಸಿದಳು. ನಲವತ್ತೊಂದು ವರ್ಷ ನಾಲ್ಕು ತಿಂಗಳು! “ಅತ್ತೆ, ನಲವತ್ತೊಂದು!” ಎಂದು ಅವರ ತೋಳು ಹಿಡಿದು ಅಲ್ಲಾಡಿಸಿದಳು.

“ಮೊಟ್ಟೆ ಅಲ್ಲ,” ಎಂದರು ಅತ್ತೆ. “ಮೊದಲ್ನೇ ದಿನ ಬರೀ ಆಲೂಗಡ್ಡೆ. ಮೊಟ್ಟೆ ಮೂರನೇ ದಿನದಿಂದ.”

“ಮೊಟ್ಟೆ ವಾಸನೆ ಬಂದಿತ್ತು.”

“ನಿಮ್ಮ ಮೂಗಿಗೆ ಬಂದಿರ್ಬೇಕು! ಮುಂದಿನದು ಓದಿ.”

ಮುಂದಿನದರಲ್ಲಿ ಛತ್ರಿ ಇತ್ತು: ‘ಆಕೆ ಈಗ ದೊಡ್ಡದೊಂದು ಛತ್ರಿ ನೆಟ್ಟಿರುವುದರಿಂದ, ಮಳೆ ಬಂದರೂ ಎದ್ದು ಹೋಗುವ ಲಕ್ಷಣವಿರುವುದಿಲ್ಲ.’ ಅದರ ಮುಂದಿನದರಲ್ಲಿ ಗಾಡಿ. ಮಾವ ಬಡಗಿ, ಹಳೆ ಹಲಗೆ ಕೂಡಿಹಾಕಿ ತಾವೇ ಮಾಡಿದ್ದು. ‘ಗಂಡನೆಂಬ ವ್ಯಕ್ತಿ ನಾಲ್ಕು ಚಕ್ರದ ಗಾಡಿಯನ್ನು ತಂದು ನಿಲ್ಲಿಸಿರುತ್ತಾನೆ. ಗಾಡಿ ಎಡಕ್ಕೆ ವಾಲಿರುತ್ತದೆ.’

“ವಾಲಿರ್ಲಿಲ್ಲ! ರಸ್ತೆ ವಾಲಿತ್ತು!”

“ಟೇಪು ಹಿಡಿದು ನೋಡಿದ್ದೆ. ಒಂದೂವರೆ ಇಂಚು.”

“ಅಂದ್ರೆ ನಾನು ಮನೆಗೆ ಹೋದ್ಮೇಲೆ ಬಂದು ಅಳೀತಿದ್ರಾ?”

‘ಮೊಟ್ಟೆ ಒಡೆಯುವಾಗ ಗಂಡ ಹಾಡುತ್ತಾನೆ. ಶ್ರುತಿ ಇರುವುದಿಲ್ಲ’ ಎಂದು ಓದಿದಾಗ ಅತ್ತೆ ತಡೆಯಲಾರದೆ ನಕ್ಕುಬಿಟ್ಟರು. ಬಾಯಿಗೆ ಕೈ ಅಡ್ಡ ಹಿಡಿದು, ಮೈ ಕುಲುಕಿ ನಕ್ಕರು. “ಇದೊಂದು ನಿಜ ನೋಡಿ. ನೂರಕ್ಕೆ ನೂರು ನಿಜ.” ಸೊಸೆ ಮಾವನನ್ನು ನೋಡಿದವಳೇ ಅಲ್ಲ. ಅವರು ಹಾಡುತ್ತಿದ್ದರೆಂದು ಈ ಮನೆಗೆ ಬಂದು ಹದಿನೆಂಟು ವರ್ಷದಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಇನ್ನೂ ಓದಲಿ, ಇನ್ನೂ ಓದಲಿ ಅನ್ನಿಸುತ್ತಿತ್ತು. ಅಷ್ಟರಲ್ಲಿ ಗೋಡೆಯ ಗಡಿಯಾರ ಕಣ್ಣಿಗೆ ಬಿತ್ತು. ನಾಲ್ಕು ಗಂಟೆ ಹತ್ತು ನಿಮಿಷ.

“ಅಯ್ಯೋ! ಏಳಿ, ಏಳಿ! ಕೊಡಿ ಮಾಸ್ಟ್ರೇ, ನಾನು ಓಡ್ತೀನಿ.”

“ನನ್ನ ಪೆಟ್ಟಿಗೆ ನನ್ನ ಕೈ ಬಿಟ್ಟು ಹೋಗಲ್ಲ,” ಎಂದು ದರ್ಜಿ ಕೋಟು ಹಾಕಿಕೊಳ್ಳತೊಡಗಿದರು. ಒಂದೊಂದೇ ಗುಂಡಿ. ಐದು ಗುಂಡಿ.

“ನನ್ನ ವಿಷಯ ಬರೆದಿರೋದು. ನಾನೂ ಬರ್ತೀನಿ,” ಎಂದರು ಅತ್ತೆ.

ಎಂಬತ್ತು ದಾಟಿದವರೊಬ್ಬರು, ಮೊಣಕಾಲು ನೋವಿನವರೊಬ್ಬರು. ನಡೆಸಿಕೊಂಡು ಹೋದರೆ ತಲುಪುವುದು ನಾಳೆಗೆ. ಸೊಸೆ ರಸ್ತೆಗಿಳಿದು ಎರಡೂ ಕೈ ಬೀಸಿದಳು. ಆ ಹೊತ್ತಿಗೆ ಸರಿಯಾಗಿ ಬ್ರೆಡ್ಡಿನವನ ವ್ಯಾನು ಸಂಜೆಯ ಬ್ರೆಡ್ಡು ಇಳಿಸಲು ಗಾಡಿಯ ಹತ್ತಿರ ಬಂದು ನಿಂತಿತ್ತು. ಅವಳು ಅವನ ಹತ್ತಿರ ಕೇಳಲೂ ಇಲ್ಲ. ಹಿಂದಿನ ಬಾಗಿಲು ತೆಗೆದು ಅತ್ತೆಯನ್ನು ಹತ್ತಿಸಿದಳು, ದರ್ಜಿಯನ್ನು ಹತ್ತಿಸಿದಳು, ನೀಲಿ ಪೆಟ್ಟಿಗೆಗಳನ್ನು ಒಳಗೆ ತಳ್ಳಿ ತಾನೂ ಹತ್ತಿದಳು.

“ಅಕ್ಕಾ, ಅದು ಬ್ರೆಡ್ಡು!” ಎಂದು ಕೂಗಿದ ಅವನು.

“ಗೊತ್ತಪ್ಪ, ಅದರ ಮೇಲೆ ಕೂತಿಲ್ಲ! ನಗರ ಕಚೇರಿಗೆ ಬಿಡು! ನಾಳೆಯಿಂದ ತಿಂಗಳು ಪೂರ್ತಿ ನಿನಗೆ ಮೊಟ್ಟೆ ನನ್ನ ಲೆಕ್ಕ!”

ವ್ಯಾನು ಜಿಗಿಯಿತು. ಬಿಸಿ ಬ್ರೆಡ್ಡಿನ ವಾಸನೆಯ ನಡುವೆ, ಟ್ರೇಗಳ ಸಂದಿನಲ್ಲಿ, ಮಾತು ಬಿಟ್ಟು ಮೂವತ್ತಮೂರು ವರ್ಷವಾಗಿದ್ದ ಇಬ್ಬರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ತಿರುವಿನಲ್ಲಿ ವ್ಯಾನು ವಾಲಿದಾಗ ಅತ್ತೆ ದರ್ಜಿಯ ಕೋಟಿನ ತೋಳು ಹಿಡಿದುಕೊಂಡರು. “ನೋಡಿ, ವಾಲೋದು ಅಂದ್ರೆ ಇದು,” ಎಂದರು.

ಮೂರನೇ ಕೌಂಟರಿನ ಮುಂದೆ ಇನ್ನೂ ಹತ್ತು ಜನ. ನಾಲ್ಕೂ ನಲವತ್ತು. ಸೊಸೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ಗಡಿಯಾರವನ್ನೇ ನುಂಗುವಂತೆ ನೋಡುತ್ತಿದ್ದಳು. ಅವರ ಸರದಿ ಬರುವಾಗ ಐದಕ್ಕೆ ಆರು ನಿಮಿಷ.

ಗುಮಾಸ್ತೆ ಮೊದಲ ಪತ್ರ ಓದಿ ಕಣ್ಣರಳಿಸಿದಳು. ಆದರೂ ಕೆಲಸ ಕೆಲಸವೇ. “ಇದು ಕಾರ್ಬನ್ ಪ್ರತಿ. ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಬರೀಬಹುದು ಅಂತ ಕೇಳಿದ್ರೆ ನಾನೇನು ಹೇಳ್ಲಿ?”

ಸೊಸೆಯ ಜೀವ ಬಾಯಿಗೆ ಬಂತು. ದರ್ಜಿ ಮಾತ್ರ ನಿಧಾನವಾಗಿ ಕೈ ಚಾಚಿ ಹಾಳೆಯನ್ನು ಮಗುಚಿದರು. ಹಿಂಬದಿಯಲ್ಲಿ ನೇರಳೆ ಬಣ್ಣದ ದುಂಡು ಮೊಹರು: ನಗರ ಕಚೇರಿ, ಸ್ವೀಕರಿಸಲಾಗಿದೆ, ತಾರೀಕು, ರುಜು.

“ಮೊಹರು ಹಾಕಿಸ್ಕೊಳ್ಳದೇ ನಾನು ಯಾವತ್ತೂ ವಾಪಸ್ ಬಂದಿಲ್ಲ,” ಎಂದರು. “ಇನ್ನೂರಹದಿನಾರಕ್ಕೂ ಇದೆ.”

ಹಿಂದೆ ನಿಂತವರು ಯಾರೋ ಸಿಳ್ಳೆ ಹೊಡೆದರು. ಗುಮಾಸ್ತೆ ನಗುತ್ತಾ ಅರ್ಜಿಯ ಹಾಳೆ ಎಳೆದುಕೊಂಡು ಬರೆಯತೊಡಗಿದಳು. “ನಡುವೆ ಒಂದು ವರ್ಷಕ್ಕಿಂತ ಜಾಸ್ತಿ ಮುಚ್ಚಿರ್ಬಾರದು, ಅದೊಂದು ನೋಡ್ಬೇಕು,” ಎನ್ನುತ್ತಾ ಪೆಟ್ಟಿಗೆಗಳಿಂದ ಅಲ್ಲೊಂದು ಇಲ್ಲೊಂದು ಹಾಳೆ ತೆಗೆದು ಓದಿದಳು. ಒಂದು ಹಾಳೆಗೆ ಬಂದಾಗ ದರ್ಜಿ ಚಟ್ಟನೆ, “ಅದು ಬೇಡ, ಮುಂದಿನದು ನೋಡಿ,” ಎಂದರು. ಆದರೆ ಅವಳು ಆಗಲೇ ಗಟ್ಟಿಯಾಗಿ ಓದಲು ಶುರುಮಾಡಿದ್ದಳು.

“ಮಾನ್ಯರೇ, ಇಂದಿಗೆ ಹತ್ತೊಂಬತ್ತು ದಿನಗಳಿಂದ ದೀಪದ ಕಂಬದ ಬಳಿಯ ಗಾಡಿ ತೆರೆದಿರುವುದಿಲ್ಲ. ಹೊಗೆ ಇರುವುದಿಲ್ಲ. ಗಂಡ ತೀರಿಹೋದನೆಂದು ಬೇರೆಯವರಿಂದ ತಿಳಿದುಬಂದಿರುತ್ತದೆ. ನಮ್ಮಿಬ್ಬರಲ್ಲಿ ಮಾತಿಲ್ಲದ ಕಾರಣ ನಾನು ಹೋಗಿ ವಿಚಾರಿಸುವಂತಿಲ್ಲ. ತಮ್ಮ ಕಡೆಯವರು ಯಾರಾದರೂ ಆಕೆಯ ಮನೆಗೆ ಹೋಗಿ, ಗಾಡಿಯನ್ನು ಎಂದು ತೆರೆಯುತ್ತಾಳೆಂದು ಕೇಳಿ, ಸೂಕ್ತ ಕ್ರಮ ಕೈಗೊಳ್ಳಬೇಕು.”

ಗುಮಾಸ್ತೆಯ ದನಿ ಕೊನೆಗೆ ಬರುವಷ್ಟರಲ್ಲಿ ಸಣ್ಣದಾಗಿತ್ತು. ಅತ್ತೆ ಕೌಂಟರಿನ ಅಂಚು ಹಿಡಿದುಕೊಂಡಿದ್ದರು.

“ಒಬ್ಬ ಬಂದಿದ್ದ,” ಎಂದರು. “ಕಂಕುಳಲ್ಲಿ ಫೈಲು ಇಟ್ಕೊಂಡು, ಕಚೇರಿಯವನು. ಯಾವಾಗಮ್ಮ ಗಾಡಿ ತೆಗೀತೀಯ ಅಂತ ಕೇಳ್ದ. ನಾನು ಅಂದ್ಕೊಂಡೆ, ತೆಗೀದೇ ಇದ್ರೆ ಜಾಗ ಕಿತ್ಕೋತಾರೆ ಅಂತ. ಹೆದರಿ, ಮಾರನೇ ದಿನವೇ ಎದ್ದು ಒಲೆ ಹಚ್ಚಿದೆ. ಇಲ್ದಿದ್ರೆ... ನಾನು ಏಳ್ತಿರ್ಲಿಲ್ಲ. ಏಳೋ ಮನಸ್ಸೇ ಇರ್ಲಿಲ್ಲ.” ಅವರು ದರ್ಜಿಯ ಕಡೆ ತಿರುಗಿದರು. “ಅವನನ್ನ ಕಳಿಸಿದ್ದು ನೀವಾ?”

ದರ್ಜಿ ಅತ್ತೆಯನ್ನೇ ನೋಡುತ್ತಿದ್ದರು. “ಯಾರಾದ್ರೂ ಹೋಗಿದ್ರಾ?” ಎಂದರು. “ನನಗೆ ಯಾರೂ ಹೇಳ್ಲಿಲ್ಲ. ಯಾರೂ ಓದಲ್ಲ ಅಂದ್ಕೊಂಡಿದ್ದೆ.”

ಸೊಸೆಗೆ ಅಳು ಬರುತ್ತಿದೆಯೋ ನಗು ಬರುತ್ತಿದೆಯೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. ಮೂಗೊರೆಸಿಕೊಂಡು, “ಮೇಡಂ, ಐದಕ್ಕೆ ಒಂದೇ ನಿಮಿಷ!” ಎಂದಳು.

“ಹತ್ತೊಂಬತ್ತು ದಿನ ಲೆಕ್ಕಕ್ಕಿಲ್ಲ,” ಎಂದು ಗುಮಾಸ್ತೆ ಮೊಹರನ್ನೆತ್ತಿ ಧಡ್ಡೆಂದು ಒತ್ತಿದಳು. “ಮಳಿಗೆ ನಂಬರ್ ಏಳು. ಮೂಲೆಯದು. ನಲ್ಲಿ ಎಡಗಡೆ ಬರತ್ತೆ.”

ಇಡೀ ಸಾಲು ಚ‌ಪ್ಪಾಳೆ ತಟ್ಟಿತು. ಸೊಸೆ ಮೊದಲು ಅತ್ತೆಯನ್ನು ತಬ್ಬಿಕೊಂಡಳು, ಆಮೇಲೆ ಕೌಂಟರಿನ ಕಿಂಡಿಯೊಳಗೆ ಕೈ ತೂರಿಸಿ ಗುಮಾಸ್ತೆಯ ಕೈ ಕುಲುಕಿದಳು, ಆಮೇಲೆ ದರ್ಜಿಯ ಕಡೆ ತಿರುಗಿದಳು. ಅವರು ಪೆಟ್ಟಿಗೆಯನ್ನು ಅಡ್ಡ ಹಿಡಿದು, “ಕೋಟು, ಕೋಟು! ಇಸ್ತ್ರಿ ಹಾಳಾಗತ್ತೆ!” ಎಂದು ಒಂದು ಹೆಜ್ಜೆ ಹಿಂದೆ ಸರಿದರು.

ವಾಪಸು ಬರುವಾಗ ವ್ಯಾನು ಬೀದಿಯ ತಿರುವಿಗೆ ಬರುವ ಮುಂಚೆಯೇ ಅವಳು ಕಿಟಕಿಯಿಂದ ಅರ್ಧ ಆಚೆ ಬಗ್ಗಿ, “ರೀ! ಏಳು! ನಂಬರ್ ಏಳು!” ಎಂದು ಕೂಗಿಕೊಂಡೇ ಬಂದಳು. ಗಾಡಿಯ ಮುಂದೆ ಜನ ಮುಗಿಬಿದ್ದಿದ್ದರು. ಆಲೂಗಡ್ಡೆಯ ಸುದ್ದಿ ಬೀದಿಯೆಲ್ಲ ಹರಡಿ, ಗಂಡನ ಮುಖ ನೋಡಲೆಂದೇ ಅರ್ಧ ಜನ ಬಂದಿದ್ದರು. ಪಾಪ, ಅವನು ಒಬ್ಬನೇ ಬೆವರಿಳಿಸಿಕೊಂಡು ಎರಡೂ ಒಲೆ ನೋಡುತ್ತಿದ್ದ. ಕಾವಲಿಯ ಮೇಲೆ ನಾಲ್ಕು ಮೊಟ್ಟೆ ಕರ‍್ರಗಾಗಿದ್ದವು. ಅತ್ತೆ ವ್ಯಾನಿನಿಂದ ಇಳಿದವರೇ ಸೌಟು ಕಿತ್ತುಕೊಂಡರು.

“ಅಂಗಡಿ ಸಿಕ್ತು ಅಂತ ಮೊಟ್ಟೆ ಸೀಯಿಸ್ತೀಯೇನೋ? ಸರಿ ಆ ಕಡೆ!” ಆಮೇಲೆ ತಲೆಯೆತ್ತದೆ, “ಮಾಸ್ಟ್ರೇ, ಒಂದು ಮೊಟ್ಟೆ ಹಾಕ್ಲಾ?” ಎಂದರು.

“ಕರಿದದ್ದು ನನಗಾಗಲ್ಲ,” ಎಂದರು ದರ್ಜಿ.

“ನಲವತ್ತೊಂದು ವರ್ಷ ವಾಸನೆ ಮಾತ್ರ ಆಗ್ತಿತ್ತಲ್ಲ!”

ದರ್ಜಿ ಬಂದ ನಗುವನ್ನು ಮೀಸೆಯಲ್ಲೇ ಅಡಗಿಸಿಕೊಂಡು, ಪೆಟ್ಟಿಗೆಗಳನ್ನು ಎದೆಗೊತ್ತಿಕೊಂಡು ರಸ್ತೆ ದಾಟಿದರು. ಅವತ್ತು ಕಿಟಕಿ ಮುಚ್ಚಲಿಲ್ಲ.

ಗದ್ದಲ ಇಳಿದ ಮೇಲೆ, ಬೆಳಗಿನಿಂದ ಹನಿ ನೀರೂ ಕುಡಿಯದ ಸೊಸೆ ಬೋರಲು ಹಾಕಿದ ಕ್ಯಾನಿನ ಮೇಲೆ ಕೂತು ಬ್ರೆಡ್ಡು ಮೊಟ್ಟೆ ಬಾಯಿಗೆ ತುರುಕಿಕೊಳ್ಳುತ್ತಾ, ತುಂಬಿದ ಬಾಯಲ್ಲೇ ಗಂಡನಿಗೆ ಎಲ್ಲ ಹೇಳಿದಳು. ಹತ್ತೊಂಬತ್ತು ದಿನದ ಮಾತಿಗೆ ಬಂದಾಗ ಅವನು ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟ.

“ಆ ಮನುಷ್ಯ ಬಂದಿದ್ದು ನೆನಪಿದೆ,” ಎಂದ. “ನನಗೆ ಹನ್ನೊಂದು ವರ್ಷ. ಅವನು ಹೋದ್ಮೇಲೆ ಅಮ್ಮ ಬಾಗಿಲ ಹಿಂದೆ ಸುಮಾರು ಹೊತ್ತು ನಿಂತಿದ್ಲು. ಆಮೇಲೆ, ಆಲೂಗಡ್ಡೆ ಎಷ್ಟಿದೆ ನೋಡೋ ಅಂದ್ಲು. ನನಗೆಷ್ಟು ಖುಷಿಯಾಯ್ತು ಗೊತ್ತಾ? ಒಂದು ಮೂಟೆ ಪೂರ್ತಿ ನಾನೊಬ್ಬನೇ ಸುಲಿದೆ.”

ಸೊಸೆ ಅವನನ್ನೇ ನೋಡಿದಳು. ಬಾಯಲ್ಲಿದ್ದದ್ದನ್ನು ನುಂಗಿದಳು. ಆದರೆ ಸುಮ್ಮನೆ ಕೂರುವ ಜೀವವಲ್ಲವಲ್ಲ. ಮರುಗಳಿಗೆಗೆ ಎದ್ದು, ಮೊಟ್ಟೆ ಬರುವ ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು ಹರವಿ, ಇದ್ದಿಲ ಚೂರಿನಿಂದ ಅದರ ಮೇಲೆ ದೊಡ್ಡ ಚೌಕ ಎಳೆದಳು.

“ಇದು ನಮ್ಮ ಏಳನೇ ನಂಬರು. ನಲ್ಲಿ ಇಲ್ಲಿ. ಎರಡು ಒಲೆ ಇಲ್ಲಿ. ಮೂರನೇದೂ ಒಂದು ಇಡೋಣ ರೀ, ಜಾಗ ಇದೆ. ಬೆಂಚು ಈ ಗೋಡೆಗೆ...”

“ಬೆಂಚು ಆ ಗೋಡೆಗೆ ಬೇಡ, ಬಿಸಿಲು ಹೊಡೆಯತ್ತೆ,” ಎಂದು ಗಂಡ ಬಗ್ಗಿದ.

“ಇಬ್ಬರಿಗೂ ಬುದ್ಧಿ ಇಲ್ಲ!” ಅತ್ತೆ ಎಣ್ಣೆಗೈಯಲ್ಲೇ ಇದ್ದಿಲು ಕಸಿದುಕೊಂಡು, ಸೊಸೆ ಬರೆದ ಒಲೆಗಳ ಮೇಲೆ ಗೀಟು ಹೊಡೆದು, ಚೌಕದ ಇನ್ನೊಂದು ಮೂಲೆಯಲ್ಲಿ ಮೂರು ದಪ್ಪ ಸೊನ್ನೆ ಸುತ್ತಿದರು. “ಒಲೆ ಯಾವಾಗ್ಲೂ ರಸ್ತೆ ಕಡೆಗೇ ಇರ್ಬೇಕು. ಹಸಿದೋನಿಗೆ ಮೊದಲು ಬೆಂಕಿ ಕಾಣ್ಬೇಕು. ಆಮೇಲೆ ಬೆಂಚು ಎಲ್ಲಾದ್ರೂ ಇಟ್ಕೊಳ್ಳಿ.”

“ಹಾಗಾದ್ರೆ ನಲ್ಲಿ ದೂರ ಆಗತ್ತೆ ಅತ್ತೆ!”

“ನಾಲ್ಕು ಹೆಜ್ಜೆ ಕಣೇ ಗಡಿಬಿಡಿ! ಎರಡು ಬೀದಿ ಅಲ್ಲ, ನಾಲ್ಕು ಹೆಜ್ಜೆ!”

ಚಹಾಕ್ಕೆ ಬಂದಿದ್ದ ಇಬ್ಬರು ಗಿರಾಕಿಗಳೂ ಲೋಟ ಹಿಡಿದುಕೊಂಡೇ ಮಧ್ಯೆ ತಲೆ ತೂರಿಸಿ, ಬೆಂಚು ಬಾಗಿಲ ಪಕ್ಕವೇ ಇರಲಿ ಎಂದು ತಮ್ಮದೂ ಒಂದು ಮಾತು ಸೇರಿಸಿದರು.